ಅಂಗೈಯ ಹಾಜರಿ ಪುಸ್ತಕ

ಮೂವತ್ತನಾಲ್ಕು ವರ್ಷಗಳ ಕಾಲ ಪ್ರತಿದಿನ ಬೆಳಿಗ್ಗೆ ಹಾಜರಿ ಪುಸ್ತಕ ತೆರೆದು ಮಕ್ಕಳ ಹೆಸರು ಕೂಗಿದವನು ನಾನು. ಈಗ ಕಾಲಚಕ್ರ ತಿರುಗಿದೆ. ಬೆಳಿಗ್ಗೆ ಆರು ಗಂಟೆಗೆ ನನ್ನದೇ ಹಾಜರಿ ಕರೆಯಲಾಗುತ್ತಿದೆ. ಕರೆಯುವವರು ಮುಖ್ಯೋಪಾಧ್ಯಾಯರೂ ಅಲ್ಲ, ಇನ್ಸ್‌ಪೆಕ್ಟರರೂ ಅಲ್ಲ; ದಿಂಬಿನ ಪಕ್ಕದಲ್ಲಿ ಮಲಗಿರುವ ಮೊಬೈಲ್ ಫೋನು. ಇಂದಿನ ತೂಕವೆಷ್ಟು, ಖಾಲಿ ಹೊಟ್ಟೆಯ ಸಕ್ಕರೆಯೆಷ್ಟು, ನಿನ್ನೆ ರಾತ್ರಿ ತಿಂದದ್ದೇನು ಎಂದು ಅದು ಇಂಗ್ಲಿಷಿನಲ್ಲಿ ಕೇಳುತ್ತದೆ. ಉತ್ತರ ಕೊಡದಿದ್ದರೆ ಎಂಟು ಗಂಟೆಗೆ ಮತ್ತೊಮ್ಮೆ ಕೇಳುತ್ತದೆ. ಆಗಲೂ ಸುಮ್ಮನಿದ್ದರೆ, ಬೆಂಗಳೂರಿನಲ್ಲಿರುವ ಮಗನಿಗೆ ವರದಿ ಹೋಗುತ್ತದೆ. ಹತ್ತನೆಯ ತರಗತಿಯ ಹುಡುಗರ ಮನೆಗೆ ನಾನು ಕಳುಹಿಸುತ್ತಿದ್ದ ಗೈರುಹಾಜರಿಯ ಕಾಗದಗಳೆಲ್ಲ ಬಡ್ಡಿ ಸಮೇತ ಹಿಂದಿರುಗಿ ಬಂದಂತಿದೆ!

ನಿವೃತ್ತನಾದ ಮರುವರ್ಷ ನನಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಹೋದವನ ರಕ್ತ ಪರೀಕ್ಷಿಸಿದಾಗ ಎಚ್‌ಬಿಎ1ಸಿ 8.4 ಬಂತು. ಕೆಂಪು ರಕ್ತಕಣಗಳು ಸುಮಾರು ನೂರಿಪ್ಪತ್ತು ದಿನ ಬದುಕುವುದರಿಂದ, ಅವುಗಳಿಗೆ ಅಂಟಿಕೊಂಡ ಸಕ್ಕರೆಯನ್ನು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತಿಳಿಯುತ್ತದೆ. 6.5 ಅಥವಾ ಅದಕ್ಕಿಂತ ಹೆಚ್ಚಾದರೆ ಮಧುಮೇಹ. ತೂಕ 78 ಕಿಲೋ, ಎತ್ತರ ಐದು ಅಡಿ ಐದು ಅಂಗುಲ. ಲೆಕ್ಕದ ಮೇಷ್ಟ್ರಾದ ನನಗೆ ಉಳಿದ ಭಾಗಾಕಾರವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಾಯಿಲೆ ನಮ್ಮ ಮನೆಗೆ ಹೊಸದಲ್ಲ. ನನ್ನ ದೊಡ್ಡಪ್ಪನಿಗೂ ಇತ್ತು. ಅವರ ಕಾಲದಲ್ಲಿ ರಕ್ತ ನೋಡುವ ಯಂತ್ರ ಮನೆಗಳಲ್ಲಿ ಇರಲಿಲ್ಲ. ನೀಲಿ ಬಣ್ಣದ ಬೆನೆಡಿಕ್ಟ್ ದ್ರಾವಣ, ಒಂದು ಪ್ರನಾಳ, ಒಂದು ಸ್ಪಿರಿಟ್ ದೀಪ ಇವೇ ಅವರ ಪ್ರಯೋಗಶಾಲೆ. ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕಾಯಿಸಿದರೆ ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪು. ಮುಂದೆ ನಾನು ಶಾಲೆಯಲ್ಲಿ ಅದೇ ಪ್ರಯೋಗವನ್ನು ಗ್ಲೂಕೋಸ್ ಪುಡಿ ಬಳಸಿ ಮಾಡಿ ತೋರಿಸುವಾಗಲೆಲ್ಲ ದೊಡ್ಡಪ್ಪನ ಜಗಲಿ ನೆನಪಾಗುತ್ತಿತ್ತು. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲಷ್ಟೇ ಅದು ಮೂತ್ರಕ್ಕೆ ಇಳಿಯುತ್ತದೆ. ಆದ್ದರಿಂದ ಅವರ ನೀಲಿ ನೀಲಿಯಾಗಿಯೇ ಉಳಿದ ದಿನಗಳಲ್ಲೂ ಕಾಯಿಲೆ ಒಳಗೊಳಗೇ ಕೆಲಸ ಮಾಡುತ್ತಿತ್ತು. ಕಾಲಿನ ಗಾಯ ಮಾಯದೆ ಅವರು ತೀರಿಕೊಂಡರು. ಹೀಗಾಗಿ ಯಂತ್ರಗಳ ಬಗ್ಗೆ ಹಗುರವಾಗಿ ಮಾತಾಡುವ ಹಕ್ಕು ನನಗಿಲ್ಲ. ಬೆರಳ ತುದಿಯ ಒಂದು ಹನಿ ರಕ್ತದಿಂದ ಐದು ಸೆಕೆಂಡಿನಲ್ಲಿ ಅಂಕಿ ಹೇಳುವ ಗ್ಲುಕೋಮೀಟರ್ ಅವರಿಗೆ ಸಿಕ್ಕಿದ್ದರೆ ಇನ್ನೂ ಕೆಲವು ವರ್ಷ ಜಗಲಿಯಲ್ಲಿ ಕುಳಿತಿರುತ್ತಿದ್ದರೇನೋ.

ಮಗ ಊರಿಗೆ ಬಂದಾಗ ನನ್ನ ಫೋನಿಗೆ ಆ ಆಪ್ ಹಾಕಿಕೊಟ್ಟ. "ಅಪ್ಪಯ್ಯ, ತಿಂದದ್ದನ್ನೆಲ್ಲ ಇದರಲ್ಲಿ ಬರೆಯಿರಿ, ಉಳಿದದ್ದನ್ನು ಅದು ನೋಡಿಕೊಳ್ಳುತ್ತದೆ" ಎಂದ. ಆ 'ಉಳಿದದ್ದು' ಎಂಬ ಮಾತಿನ ಮೇಲೆಯೇ ನನ್ನ ಈ ತಕರಾರು.

ಮೊದಲ ದಿನ ರಾತ್ರಿ ಗಂಜಿ ಉಂಡಿದ್ದೆ. ನಮ್ಮ ಬೀಜಾಡಿಯ ಕಡೆ ಕುಚ್ಚಲಕ್ಕಿ ಗಂಜಿ ಎಂದರೆ ಊಟವೇ. ಮೇಲೊಂದು ಚೂರು ಉಪ್ಪಿನಕಾಯಿ, ಪಕ್ಕದಲ್ಲಿ ಒಂದು ಬಂಗುಡೆ, ಇಲ್ಲವೇ ಹುರುಳಿ ಚಟ್ನಿ. ಆಪಿನಲ್ಲಿ ಗಂಜಿ ಎಂದು ಹುಡುಕಿದರೆ ಎರಡು ಮೂರು ಬಗೆಯ ಗಂಜಿ ಬಂದವು. ಒಂದರಲ್ಲಿ ಹಾಲು ಸಕ್ಕರೆ ಇತ್ತು, ಇನ್ನೊಂದು ಯಾವುದೋ ದೇಶದ ಕೋಳಿ ಗಂಜಿ. ಕೊನೆಗೆ 'ಅನ್ನ, ಒಂದು ಬಟ್ಟಲು' ಎಂದು ಒತ್ತಿದೆ. ಆದರೆ ಬಟ್ಟಲಿನಲ್ಲಿ ಅಕ್ಕಿಯೆಷ್ಟು, ತಿಳಿಯೆಷ್ಟು? ಅದು ಬಡಿಸುವವಳ ಸೌಟಿಗೆ ಗೊತ್ತು, ಕಂಪೆನಿಗೆ ಗೊತ್ತಿಲ್ಲ. ನೂರು ಗ್ರಾಂ ಅಕ್ಕಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಶರ್ಕರಪಿಷ್ಟ. ಅದೇ ನೂರು ಗ್ರಾಂ ಅಕ್ಕಿಯಿಂದ ಎರಡು ಬಟ್ಟಲು ಗಂಜಿಯೂ ಆಗುತ್ತದೆ, ನಾಲ್ಕು ಬಟ್ಟಲೂ ಆಗುತ್ತದೆ. ಅಂದ ಮೇಲೆ ಬಟ್ಟಲಿನ ಲೆಕ್ಕ ಎಂಥ ಲೆಕ್ಕ? ಪತ್ರೊಡೆ, ಮೂಡೆ, ಸೌತೆಕಾಯಿ ಹುಳಿ ಎಲ್ಲದಕ್ಕೂ ಇದೇ ಪಾಡು. ಮೀನು ಸಾರಿಗೆ ಅರ್ಧ ಕಾಯಿ ತುರಿ ಹಾಕಿದಳೋ ಕಾಲು ಕಾಯಿಯೋ ಎಂದು ಕೇಳಲು ಒಲೆಯ ಬಳಿ ಹೋದಾಗ ಮಡದಿ ಹೇಳಿದಳು: "ಹ್ವಾಯ್, ಇಷ್ಟ್ ವರ್ಷ ಎಷ್ಟ್ ಕಾಯಿ ಹಾಕ್ದೆ ಅಂತ ಕೇಂಡವ್ರಲ್ಲ, ಈಗ ಎಂಥ ಆಡಿಟ್ಟು?"

ನ್ಯಾಯವಾಗಿ ಹೇಳಬೇಕೆಂದರೆ ಈ ಕೊರತೆಯನ್ನು ತುಂಬುವ ಯತ್ನ ನಮ್ಮ ದೇಶದಲ್ಲಿ ನಡೆಯದೇ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಭಾರತದ ಆಹಾರಗಳ ಪೋಷಕಾಂಶ ಕೋಷ್ಟಕಗಳನ್ನು ಪ್ರಕಟಿಸಿತು. 2019ರಲ್ಲಿ 'ನ್ಯೂಟ್ರಿಫೈ ಇಂಡಿಯಾ ನೌ' ಎಂಬ ಆಪನ್ನೂ ಹೊರತಂದಿತು. ಖಾಸಗಿಯವರಲ್ಲಿ ನಮ್ಮ ಬೆಂಗಳೂರಿನ 'ಹೆಲ್ತಿಫೈಮಿ' ಹೆಸರಾದದ್ದು. (ನನ್ನ ಫೋನಿನಲ್ಲಿರುವುದು ಬೇರೆಯದು, ಅದರ ಹೆಸರು ಇಲ್ಲಿ ಬೇಡ.) ಈ ಹೆಲ್ತಿಫೈಮಿಯ ಹಿಂದಿನ ಕಥೆ ಬಹಳ ಜನರಿಗೆ ತಿಳಿದಿಲ್ಲ. 2011ರಲ್ಲಿ ತುಷಾರ್ ವಶಿಷ್ಠ ಮತ್ತು ಮ್ಯಾಥ್ಯೂ ಚೆರಿಯನ್ ಎಂಬ ಇಬ್ಬರು ತರುಣರು, ಸಾಮಾನ್ಯ ಭಾರತೀಯನ ಆದಾಯದಲ್ಲಿ ಬದುಕುವುದು ಹೇಗಿರುತ್ತದೆಂದು ತಿಳಿಯಲು ಬೆಂಗಳೂರಿನಲ್ಲಿ ದಿನಕ್ಕೆ 100 ರೂಪಾಯಿಯಲ್ಲಿ ಜೀವನ ಮಾಡಿದರು. ಬಳಿಕ ಕೇರಳದ ಕರುಕಚಾಲ್ ಎಂಬ ಹಳ್ಳಿಗೆ ಹೋಗಿ, ಗ್ರಾಮೀಣ ಬಡತನದ ರೇಖೆಯೆಂದು ಆಗ ಸರಕಾರ ಹೇಳಿದ್ದ 26 ರೂಪಾಯಿಯಲ್ಲಿ ದಿನ ದೂಡಿದರು. ಅಲ್ಲಿ ಅವರು ಉಂಡದ್ದು ಕುಚ್ಚಲಕ್ಕಿ ಅನ್ನ, ಗೆಡ್ಡೆ, ಬಾಳೆಹಣ್ಣು, ಹಾಲಿಲ್ಲದ ಚಹಾ. ದಿನವಿಡೀ ಅವರ ತಲೆಯಲ್ಲಿ ಇದ್ದದ್ದು ಊಟದ ಚಿಂತೆಯೊಂದೇ. ಮರುವರ್ಷ ಹುಟ್ಟಿದ ಆ ಕಂಪೆನಿಯ ಸ್ಥಾಪಕರಲ್ಲಿ ಇವರಿಬ್ಬರೂ ಇದ್ದಾರೆ. ಹೊಟ್ಟೆ ತುಂಬಲಿಲ್ಲವೆಂದು ಕ್ಯಾಲೊರಿ ಎಣಿಸಿದವರು, ಹೊಟ್ಟೆ ಹೆಚ್ಚಾಯಿತೆಂದು ಎಣಿಸುವವರಿಗೆ ಪುಸ್ತಕ ಮಾಡಿಕೊಟ್ಟರು! ನಮ್ಮ ದೇಶದ ಎರಡೂ ಮುಖಗಳು ಈ ಒಂದು ಕಥೆಯಲ್ಲಿವೆ.

ಇರಲಿ, ನನ್ನ ಕಥೆಗೆ ಬರುತ್ತೇನೆ. ಮೊದಲ ಎರಡು ತಿಂಗಳು ನಾನು ಆದರ್ಶ ವಿದ್ಯಾರ್ಥಿಯಾಗಿದ್ದೆ. ಮೂರನೆಯ ತಿಂಗಳಿಗೆ ಕೋಟೇಶ್ವರದ ಕೊಡಿಹಬ್ಬ ಬಂತು. ಕೋಟಿಲಿಂಗೇಶ್ವರನ ರಥೋತ್ಸವಕ್ಕೆ ಹೋಗಿ ಹೊಸ ಮದುಮಕ್ಕಳು ಕಬ್ಬಿನ ಕೊಡಿಯನ್ನು ಮನೆಗೆ ಕೊಂಡುಹೋಗುವ ಹಬ್ಬ ಅದು. ಊರೇ ಸಿಹಿಯಾಗಿರುವ ದಿನ. ನೆಂಟರ ಮನೆಯ ಊಟದಲ್ಲಿ ಹಾಲುಬಾಯಿ ಇತ್ತು. ಒಂದಲ್ಲ, ಮೂರು ತುಂಡು ತಿಂದೆ. ರಾತ್ರಿ ಫೋನು ತೆರೆದು 'ಮಧ್ಯಾಹ್ನದ ಊಟ' ಎಂಬಲ್ಲಿ ಚಪಾತಿ ಎರಡು, ಪಲ್ಯ ಒಂದು ಬಟ್ಟಲು ಎಂದು ಬರೆದೆ. ಓದುಗ ಮಿತ್ರರೇ, ನಗಬೇಡಿ. ಪಕ್ಕದವನ ಪುಸ್ತಕ ನೋಡಿ ಹೋಂವರ್ಕ್ ಬರೆದು ತಂದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಮನುಷ್ಯ, ಅರವತ್ತು ದಾಟಿದ ಮೇಲೆ ಒಂದು ಯಂತ್ರದೆದುರು ಸುಳ್ಳು ಬರೆದೆ! ಯಾರಿಗೆ ಮೋಸ ಮಾಡಿದೆ? ಆಪಿಗೆ ನಷ್ಟವೇನೂ ಇರಲಿಲ್ಲ. ಅದು ಹಸಿರು ಗುರುತು ಹಾಕಿ ಹೊಗಳಿತು.

ಆಗ ನನಗೊಂದು ಸಂಗತಿ ಹೊಳೆಯಿತು. ಹೋಂವರ್ಕ್ ಕದ್ದು ಬರೆದ ಹುಡುಗನನ್ನು ನಾನು ಕಂಡುಹಿಡಿಯುತ್ತಿದ್ದದ್ದು ಪುಸ್ತಕದಿಂದಲ್ಲ, ಅವನ ಮುಖದಿಂದ. ಕಾರಣ ಕೇಳಿದರೆ ಒಬ್ಬನ ಮನೆಯಲ್ಲಿ ದೀಪವಿಲ್ಲ, ಇನ್ನೊಬ್ಬ ನಸುಕಿನಲ್ಲಿ ಅಪ್ಪನೊಂದಿಗೆ ಕೈರಂಪಣಿ ಬಲೆ ಎಳೆದು ಬಂದಿದ್ದಾನೆ, ಮತ್ತೊಬ್ಬನದು ಬರೀ ಸೋಮಾರಿತನ. ಮೂವರ ಪುಸ್ತಕದಲ್ಲೂ ಇರುವುದು ಒಂದೇ ತಪ್ಪು, ಮೂವರಿಗೂ ಬೇಕಾದ ಮದ್ದು ಬೇರೆ ಬೇರೆ. ಬಿ.ಎಡ್. ತರಗತಿಯಲ್ಲಿ ಮೌಲ್ಯಮಾಪನ ಎಂಬ ವಿಷಯದಲ್ಲಿ ನಮಗೆ ಹೇಳಿಕೊಟ್ಟದ್ದೂ ಇದನ್ನೇ. ಅಂಕ ಕೊಡುವುದು ಮೌಲ್ಯಮಾಪನದ ಅರ್ಧ ಕೆಲಸ ಮಾತ್ರ. ಆ ಅಂಕ ಏಕೆ ಬಂತೆಂದು ತಿಳಿದು ಮರುದಿನದ ಪಾಠವನ್ನು ಬದಲಿಸುವುದು ಉಳಿದರ್ಧ.

ಆ ಉಳಿದರ್ಧ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ಮರುವರ್ಷದ ಮಾಘ ಮಾಸದ ಒಂದು ರಾತ್ರಿ ಕಲಿತೆ.

ಆ ವೇಳೆಗೆ ತೂಕ 74ಕ್ಕೆ ಇಳಿದಿತ್ತು. ಉತ್ಸಾಹ ಹೆಚ್ಚಿತ್ತು. ಆಪಿನಲ್ಲಿ ನಾನೇ 'ವೇಗದ ಇಳಿಕೆ' ಎಂಬ ಗುರಿಯನ್ನು ಆರಿಸಿಕೊಂಡೆ. ಶರ್ಕರಪಿಷ್ಟ ಕಡಿಮೆ ಮಾಡಿ, ರಾತ್ರಿಯೂಟ ಹಗುರವಾಗಿರಲಿ, ಹತ್ತು ಸಾವಿರ ಹೆಜ್ಜೆ ಪೂರೈಸಿ ಎಂದು ಅದು ಹೇಳಿತು. ಅಂದು ಸಂಜೆ ಎಂಟು ಸಾವಿರ ಚಿಲ್ಲರೆ ಆಗಿತ್ತು. ಬಾಕಿಯನ್ನು ತೀರಿಸಲು ಕತ್ತಲಾದ ಮೇಲೂ ಕಡಲ ತೀರದ ಮರಳಿನಲ್ಲಿ ನಡೆದೆ. ಮರಳಿನಲ್ಲಿ ನಡೆಯುವ ಶ್ರಮ ರಸ್ತೆಯ ನಡಿಗೆಗಿಂತ ಹೆಚ್ಚು. ಹೆಜ್ಜೆ ಎಣಿಸುವ ಯಂತ್ರಕ್ಕೆ ಎರಡೂ ಒಂದೇ. (ಈ ಹತ್ತು ಸಾವಿರವೆಂಬ ಸಂಖ್ಯೆಯಾದರೂ ಯಾವ ವೈದ್ಯಶಾಸ್ತ್ರದಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಉಪಕರಣದ ಹೆಸರೇ 'ಹತ್ತು ಸಾವಿರ ಹೆಜ್ಜೆಯ ಮಾಪಕ' ಎಂದಿತ್ತು; ಆ ಹೆಸರು ಗುರಿಯಾಗಿ ಜಗತ್ತಿಗೆಲ್ಲ ಹರಡಿತು.) ಮನೆಗೆ ಬಂದು ರಾತ್ರಿಯ ಮಾತ್ರೆ ನುಂಗಿದೆ. ಗಂಜಿ ಬಿಟ್ಟೆ. ಅರ್ಧ ಸೌತೆಕಾಯಿ, ಒಂದು ಲೋಟ ಮಜ್ಜಿಗೆ ಅಷ್ಟೇ ನನ್ನ ಊಟ. ನಮೂದಿಸಿದೆ, ಹಸಿರು ಗುರುತು ಬಂತು.

ರಾತ್ರಿ ಎರಡೂವರೆಗೆ ಎಚ್ಚರವಾದಾಗ ಅಂಗಿ ಬೆವರಿನಿಂದ ತೊಯ್ದುಹೋಗಿತ್ತು. ಕೈ ನಡುಗುತ್ತಿತ್ತು. ಬಚ್ಚಲಿಗೆ ಹೋಗಲು ಎದ್ದವನು ಬಾಗಿಲೆಲ್ಲಿದೆ ಎಂದು ತಿಳಿಯದೆ ಗೋಡೆ ತಡವುತ್ತ ನಿಂತಿದ್ದೆನಂತೆ. "ಎಂತ ಆಯ್ತ್ ನಿಮ್ಗೆ?" ಎಂದು ಮಡದಿ ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ತ್ರಿಕೋನದ ವಿಷಯದ್ದಂತೆ, ನನಗೆ ನೆನಪಿಲ್ಲ. ಅವಳು ದೀಪ ಹಾಕಿ ಮುಖ ನೋಡಿದಳು. ಅವಳ ತಂದೆಗೂ ಈ ಕಾಯಿಲೆ ಇದ್ದುದರಿಂದ ಗುರುತು ಹತ್ತಿತು. ನಾಲ್ಕು ಚಮಚ ಸಕ್ಕರೆ ಕದಡಿದ ನೀರನ್ನು ಗದರಿಸಿಯೇ ಕುಡಿಸಿದಳು. ಗ್ಲುಕೋಮೀಟರಿನಲ್ಲಿ ನೋಡಿದರೆ 52. ಎಪ್ಪತ್ತಕ್ಕಿಂತ ಕೆಳಗಿಳಿದರೆ ಅಪಾಯದ ಗಡಿ ದಾಟಿದಂತೆ. ಹದಿನೈದು ನಿಮಿಷದ ನಂತರ 81 ಆಯಿತು. ಆಮೇಲೆ ಅದೇ ರಾತ್ರಿ, ಮೂರು ಗಂಟೆಯ ಹೊತ್ತಿಗೆ, ಉಳಿದಿದ್ದ ಗಂಜಿ ಬಿಸಿ ಮಾಡಿ ಎದುರಿಗೆ ಇಟ್ಟಳು. ಮೂವತ್ತೇಳು ವರ್ಷದ ಸಂಸಾರದಲ್ಲಿ ಅಷ್ಟು ರುಚಿಯಾದ ಗಂಜಿ ನಾನು ಉಂಡಿಲ್ಲ.

ಬೆಳಿಗ್ಗೆ ಆರಕ್ಕೆ ಫೋನು ಮಿನುಗಿತು. ನಿನ್ನೆಯ ಗುರಿಗಳೆಲ್ಲ ಪೂರ್ಣ, ಏಳು ದಿನಗಳ ಸರಣಿ ಸಾಧಿಸಿದ್ದೀರಿ ಎಂದು ಒಂದು ಪದಕ ಕೊಟ್ಟಿತ್ತು.

ವೈದ್ಯರ ಬಳಿಗೆ ಹೋದೆ. ಅವರು ಆಪನ್ನು ನೋಡುವ ಮೊದಲೇ ನನ್ನ ಮಾತ್ರೆಯ ಚೀಟಿ ನೋಡಿ, "ಮಾತ್ರೆ ನುಂಗಿ ಊಟ ಬಿಟ್ಟಿರಾ ಮೇಷ್ಟ್ರೇ?" ಎಂದರು. ಎರಡು ನಿಮಿಷವೂ ಹಿಡಿಯಲಿಲ್ಲ. ನಾನು ತೆಗೆದುಕೊಳ್ಳುತ್ತಿದ್ದ ಎರಡು ಔಷಧಗಳಲ್ಲಿ ಮೆಟ್‌ಫಾರ್ಮಿನ್ ತಾನಾಗಿ ಸಕ್ಕರೆಯನ್ನು ಹೀಗೆ ಪಾತಾಳಕ್ಕಿಳಿಸುವುದು ಅಪರೂಪ. ಆದರೆ ಗ್ಲಿಮೆಪಿರೈಡ್ ಹಾಗಲ್ಲ. ಅದು ಮೇದೋಜ್ಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುತ್ತದೆ. ಹೊಟ್ಟೆಯಲ್ಲಿ ಅನ್ನವಿದೆಯೋ ಇಲ್ಲವೋ ಎಂದು ವಿಚಾರಿಸುವುದಿಲ್ಲ. ಊಟ ಕಡಿಮೆ, ನಡಿಗೆ ಹೆಚ್ಚು, ಮಾತ್ರೆ ಮಾತ್ರ ಹಳೆಯ ಪ್ರಮಾಣದ್ದೇ ಎಂದರೆ ಇಂಥದ್ದು ಆಗಲೇಬೇಕು. ತೂಕ ಇಳಿದಾಗಲೇ ಬಂದು ತೋರಿಸಿದ್ದರೆ ಮಾತ್ರೆಯನ್ನು ಇಳಿಸುತ್ತಿದ್ದರು. ನಾನು ಹೋಗಿರಲಿಲ್ಲ. ಏಕೆಂದರೆ ಪ್ರತಿದಿನ ಒಬ್ಬರು ನೋಡಿಕೊಳ್ಳುತ್ತಿದ್ದಾರಲ್ಲ ಎಂಬ ಭಾವನೆ ನನ್ನಲ್ಲಿ ಕುಳಿತುಬಿಟ್ಟಿತ್ತು. ಐದು ತಿಂಗಳಿನಿಂದ ನನ್ನ ಊಟ, ನಡಿಗೆ, ತೂಕ, ಮಾತ್ರೆ ನಾಲ್ಕೂ ಆ ಪುಸ್ತಕದಲ್ಲಿದ್ದವು. ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ.

ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ಬಿಡಬೇಡಿ, ಫೋನನ್ನು ಬಾವಿಗೆ ಎಸೆಯಲೂ ಬೇಡಿ. ಆಪಿನ ದೋಷವೆಷ್ಟೋ ನನ್ನ ದೋಷವೂ ಅಷ್ಟಿತ್ತು. ಸಕ್ಕರೆ ಇಳಿಸುವ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಯಾವುದೇ ಆಪಿನ ಊಟದ ಗುರಿಯನ್ನು ಒಪ್ಪಿಕೊಳ್ಳುವ ಮೊದಲು ತಮ್ಮ ವೈದ್ಯರಿಗೆ ಒಂದು ಮಾತು ಹೇಳಿದರೆ ಸಾಕು ಎಂಬುದಷ್ಟೇ ನನ್ನ ವಿನಂತಿ. ತಲೆದಿಂಬಿನ ಬಳಿ ಸ್ವಲ್ಪ ಗ್ಲೂಕೋಸ್ ಪುಡಿಯೂ ಇರಲಿ.

ಆ ರಾತ್ರಿಯ ಬಳಿಕ, ಇಂಥ ಆಪುಗಳಿಂದ ನಿಜವಾಗಿ ಪ್ರಯೋಜನವಿದೆಯೇ ಎಂದು ಯಾರಾದರೂ ಪರೀಕ್ಷಿಸಿದ್ದಾರೋ ಎಂಬ ಕುತೂಹಲ ಹುಟ್ಟಿತು. ವಿಜ್ಞಾನದ ಮೇಷ್ಟ್ರಿಗೆ ಹಳೆಯ ಚಟ. ಓದುತ್ತ ಹೋದಾಗ ಎರಡು ಪರೀಕ್ಷೆಗಳು ನನ್ನನ್ನು ಹಿಡಿದು ನಿಲ್ಲಿಸಿದವು.

ಒಂದು ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರದು, 2013ರಲ್ಲಿ ಪ್ರಕಟವಾದದ್ದು. ಮಧುಮೇಹದ ಹೊಸ್ತಿಲಲ್ಲಿದ್ದ 537 ಗಂಡಸರನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಆರಂಭದಲ್ಲಿ ಊಟ, ವ್ಯಾಯಾಮಗಳ ಸಲಹೆ ಕೊಟ್ಟರು. ಒಂದು ಗುಂಪಿಗೆ ಮಾತ್ರ ಆಮೇಲೂ ಆಗಾಗ ಮೊಬೈಲಿಗೆ ಸಾದಾ ಸಂದೇಶ ಕಳುಹಿಸುತ್ತಿದ್ದರು. ಚಿತ್ರವಿಲ್ಲ, ಪದಕವಿಲ್ಲ, ಬರೀ ಎರಡು ಸಾಲಿನ ಎಸ್ಸೆಮ್ಮೆಸ್. ಎರಡು ವರ್ಷಗಳಲ್ಲಿ ಸಂದೇಶ ಬಂದ ಗುಂಪಿನಲ್ಲಿ ನೂರಕ್ಕೆ 18 ಮಂದಿಗೆ, ಬಾರದ ಗುಂಪಿನಲ್ಲಿ ನೂರಕ್ಕೆ 27 ಮಂದಿಗೆ ಮಧುಮೇಹ ಬಂತು. ಎರಡು ಸಾಲಿನ ನೆನಪಿಗೆ ಇಷ್ಟು ಬಲವಿದೆಯೆಂದು ನಾನು ಎಣಿಸಿರಲಿಲ್ಲ. ಫೋನಿನ ಬಗ್ಗೆ ನನ್ನ ಸಿಟ್ಟು ಅರ್ಧ ಇಳಿದದ್ದು ಆಗಲೇ.

ಎರಡನೆಯದು ನಮ್ಮ ಕರ್ನಾಟಕಕ್ಕೇ ಸೇರಿದ್ದು. 'ಎಂವೆಲ್‌ಕೇರ್' ಎಂದು ಅದರ ಹೆಸರು. ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ, ಮಧುಮೇಹ ಇರುವ 3,702 ಜನರನ್ನು ಒಂದು ವರ್ಷ ಗಮನಿಸಿದರು. ಅರ್ಧದಷ್ಟು ಕೇಂದ್ರಗಳ ದಾದಿಯರಿಗೆ ಟ್ಯಾಬ್ಲೆಟ್ ಕೊಟ್ಟರು. ರೋಗಿಯ ವಿವರ ತುಂಬಿದರೆ ಯಾವ ಚಿಕಿತ್ಸೆ ಕೊಡಬಹುದೆಂದು ಅದು ವೈದ್ಯರಿಗೆ ಸೂಚಿಸುತ್ತಿತ್ತು, ರೋಗಿಗೆ ನೆನಪಿನ ಸಂದೇಶಗಳನ್ನೂ ಕಳುಹಿಸುತ್ತಿತ್ತು. ಉಳಿದ ಕೇಂದ್ರಗಳಲ್ಲಿ ಆ ಯಂತ್ರವಿಲ್ಲ. ತರಬೇತಿ, ಗೋಡೆಯ ಮೇಲೆ ಚಿಕಿತ್ಸೆಯ ಪಟ, ಕೈಗೊಂದು ಕರಪತ್ರ ಇಷ್ಟೇ. 2019ರಲ್ಲಿ ಪ್ರಕಟವಾದ ಫಲಿತಾಂಶ ಸ್ವಾರಸ್ಯಕರವಾಗಿದೆ. ಎರಡೂ ಕಡೆ ರಕ್ತದೊತ್ತಡ ಸುಮಾರು 13 ಅಂಕ ಇಳಿಯಿತು, ಎಚ್‌ಬಿಎ1ಸಿ ಅರ್ಧದಷ್ಟು ಅಂಕ ಇಳಿಯಿತು. ಯಂತ್ರವಿದ್ದ ಕಡೆಗೂ ಇಲ್ಲದ ಕಡೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಯಂತ್ರ ನಿಷ್ಪ್ರಯೋಜಕ ಎಂದು ಇದರಿಂದ ಸಾಧಿಸಲಾಗದು. ಏನೂ ಮಾಡದ ಮೂರನೆಯ ಗುಂಪೊಂದು ಆ ಪರೀಕ್ಷೆಯಲ್ಲಿ ಇರಲಿಲ್ಲ. ಆದರೆ ನನಗೆ ಕಾಣುವುದಿಷ್ಟು: ತರಬೇತಿ ಪಡೆದ ಒಬ್ಬ ದಾದಿ, ನಿಗದಿಯಾದ ಒಂದು ದಿನ, ಮರಳಿ ಬರಬೇಕಾದ ಒಂದು ಕುರ್ಚಿ ಇರುವಲ್ಲಿ ರೋಗಿ ಸುಧಾರಿಸುತ್ತಾನೆ. ಟ್ಯಾಬ್ಲೆಟ್ ಅದರ ಮೇಲಿನ ಅಲಂಕಾರ. ಆ ಕುರ್ಚಿಯೇ ಇಲ್ಲದ ಕಡೆ ಅಂಗೈಗೊಂದು ಆಪ್ ಕೊಟ್ಟು 'ಉಳಿದದ್ದು ಅದು ನೋಡಿಕೊಳ್ಳುತ್ತದೆ' ಎಂದು ಕೈತೊಳೆದುಕೊಳ್ಳುವುದು ಮೇಷ್ಟ್ರಿಲ್ಲದ ಶಾಲೆಗೆ ಹಾಜರಿ ಪುಸ್ತಕ ಕಳುಹಿಸಿದಂತೆ.

ಬ್ರಿಟನ್ನಿನಲ್ಲಿ 2017ರಲ್ಲಿ ಪ್ರಕಟವಾದ 'ಡೈರೆಕ್ಟ್' ಪರೀಕ್ಷೆಯಲ್ಲಿ, ತೂಕ ಇಳಿಸುವ ಕಟ್ಟುನಿಟ್ಟಿನ ಕ್ರಮದಿಂದ ಒಂದು ವರ್ಷದಲ್ಲಿ ನೂರಕ್ಕೆ 46 ಮಂದಿ ಮಾತ್ರೆಯಿಲ್ಲದೆ ಮಧುಮೇಹದ ಗಡಿಯಿಂದ ಹೊರಬಂದರು. ಅದನ್ನು ಆಪುಗಳ ಜಾಹೀರಾತಿನವರು ಬಹಳ ಉತ್ಸಾಹದಿಂದ ಹೇಳುತ್ತಾರೆ. ಅವರು ಹೇಳದೆ ಬಿಡುವ ಮಾತೊಂದಿದೆ. ಆ ಕ್ರಮವನ್ನು ನಡೆಸಿಕೊಟ್ಟವರು ಊರಿನ ಸಾಮಾನ್ಯ ಚಿಕಿತ್ಸಾಲಯಗಳ ದಾದಿಯರು ಮತ್ತು ಆಹಾರ ತಜ್ಞರು. ಸಕ್ಕರೆಯ ಮಾತ್ರೆಗಳನ್ನು ಆರಂಭದ ದಿನವೇ ನಿಲ್ಲಿಸಿದ್ದರು. ನಾನು ಮಾಡದೆ ಉಳಿದದ್ದು ನೋಡಿ ಅದೇ!

ಇನ್ನು ಕೆಲವು ಮಾತುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಚುಚ್ಚದೆಯೇ ರಕ್ತದ ಸಕ್ಕರೆ ಹೇಳುವ ಕೈಗಡಿಯಾರ, ಉಂಗುರಗಳ ಜಾಹೀರಾತು ನಮ್ಮ ನಿವೃತ್ತರ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಮ್ಮೆ ಬರುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ತಾನು ಅಂಥ ಯಾವ ಗಡಿಯಾರಕ್ಕೂ ಉಂಗುರಕ್ಕೂ ಅನುಮತಿ ಕೊಟ್ಟಿಲ್ಲ, ನಂಬಬೇಡಿ ಎಂದು 2024ರ ಫೆಬ್ರವರಿಯಲ್ಲಿ ಎಚ್ಚರಿಸಿದೆ. ತೋಳಿಗೆ ಅಂಟಿಸುವ ಸೆನ್ಸರ್ ಬೇರೆ ಜಾತಿಯದು, ಅದು ನಂಬಿಕೆಗೆ ಅರ್ಹ. ಆದರೆ ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಆದ್ದರಿಂದ ಕೆಲವು ನಿಮಿಷ ಹಿಂದೆ ಬೀಳುತ್ತದೆ. ಜೊತೆಗೆ ಫೋನನ್ನು ಮೌನಕ್ಕಿಟ್ಟು ಮಲಗಿದರೆ ಅದರ ಎಚ್ಚರಿಕೆಯ ಗಂಟೆ ಕೇಳಿಸದೇ ಹೋಗಬಹುದು. ಇನ್ನು ನಮ್ಮ ಕಾಯಿಲೆಯ ಗುಟ್ಟು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ. 2023ರಲ್ಲಿ ಅಮೆರಿಕದ 'ಗುಡ್‌ಆರ್‌ಎಕ್ಸ್' ಎಂಬ ಔಷಧ ಆಪು, ಬಳಕೆದಾರರ ಆರೋಗ್ಯದ ವಿವರಗಳನ್ನು ಜಾಹೀರಾತಿನ ಕಂಪೆನಿಗಳೊಂದಿಗೆ ಹಂಚಿಕೊಂಡದ್ದಕ್ಕಾಗಿ 15 ಲಕ್ಷ ಡಾಲರ್ ದಂಡ ತೆರಲು ಒಪ್ಪಿತು. ನಮ್ಮಲ್ಲೂ ಅದೇ 2023ರಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಕಾಯ್ದೆ ಬಂದಿದೆ. ಆದರೆ 'ಒಪ್ಪಿಗೆ' ಎಂಬ ಗುಂಡಿಯನ್ನು ಓದದೆ ಒತ್ತುವ ನಮ್ಮಂಥವರನ್ನು ಯಾವ ಕಾಯ್ದೆ ಕಾಪಾಡೀತು?

ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಹೊರಬಂದಾಗ, ದೇಶದಲ್ಲಿ 10 ಕೋಟಿ 10 ಲಕ್ಷ ಜನರಿಗೆ ಮಧುಮೇಹ, ಇನ್ನು 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿ ಎಂಬ ಅಂದಾಜು ಸಿಕ್ಕಿತು. ಇವರಲ್ಲಿ ಇಂಗ್ಲಿಷ್ ಓದಿ, ಬಟ್ಟಲು ಎಣಿಸಿ, ಹೆಜ್ಜೆ ನಮೂದಿಸುವವರು ಎಷ್ಟು ಜನ? ನನಗೆ ಪಿಂಚಣಿಯಿದೆ, ಸ್ಟ್ರಿಪ್ಪು ಕೊಳ್ಳಬಲ್ಲೆ, ಮಗನಿಗೆ ಫೋನು ಮಾಡಬಲ್ಲೆ. ನಮ್ಮ ಕೇರಿಗೆ ಮೀನು ತರುವ ಹೆಂಗಸಿಗೆ ನನ್ನದೇ ಕಾಯಿಲೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಬುಟ್ಟಿ ಹೊತ್ತು ನಡೆಯುವ ಅವಳ ಹೆಜ್ಜೆಗಳನ್ನು ಯಾವ ಯಂತ್ರವೂ ಎಣಿಸಿಲ್ಲ. ಎಣಿಸಿದರೆ ನನ್ನ ಪದಕಗಳೆಲ್ಲ ನಾಚಬೇಕು. ಅವಳಿಗೆ ನಡೆಯಲು ಹೇಳಬೇಕಾಗಿಲ್ಲ. ಅವಳ ಕಷ್ಟ ಬೇರೆ. ಮಾತ್ರೆ ನುಂಗಿ ಹೊರಟರೆ ಊಟ ಯಾವ ಹೊತ್ತಿಗೆ ಎಂಬುದು ಅವಳ ಕೈಯಲ್ಲಿಲ್ಲ, ಮೀನು ಖಾಲಿಯಾಗುವುದರ ಮೇಲಿದೆ. ಅಂದರೆ ನನಗೆ ಒಂದು ರಾತ್ರಿ ಆದದ್ದು ಅವಳಿಗೆ ವಾರಕ್ಕೆರಡು ಮಧ್ಯಾಹ್ನ ಆಗುತ್ತಿತ್ತು. ಬಿಸಿಲಿಗೆ ತಲೆ ತಿರುಗಿತು ಎಂದುಕೊಂಡು ಅವಳು ಯಾರದಾದರೂ ಜಗಲಿಯಲ್ಲಿ ಕೂತು ಬೆಲ್ಲ ನೀರು ಕೇಳಿ ಕುಡಿಯುತ್ತಿದ್ದಳು.

ಇದು ನನಗೆ ತಿಳಿದದ್ದು ನನ್ನ ಕಥೆಯನ್ನು ನಮ್ಮ ಜಗಲಿಯಲ್ಲಿ ಹೇಳಿಕೊಂಡು ನಗುತ್ತಿದ್ದಾಗ. ಅವಳು ಬುಟ್ಟಿ ಇಳಿಸಿ ಕೇಳುತ್ತಿದ್ದವಳು, "ಮಾಷ್ಟ್ರೆ, ಅದೇ ಬೆವರು, ಅದೇ ನಡುಕ ನಂಗೂ ಆತ್ತ್ ಮಾರ್ರೆ" ಎಂದಳು. ಮಡದಿ ಅವಳ ಬೆರಳಿನಿಂದ ಒಂದು ಹನಿ ತೆಗೆದು ನೋಡಿದಳು: 64. ಅಂದು ಅವಳಿಗೆ ಅವಲಕ್ಕಿ, ಬೆಲ್ಲ ಕೊಟ್ಟು ಕೂರಿಸಿ, ಮರುದಿನ ನಾನೇ ಜೊತೆಯಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದೆ. ಆಶಾ ಕಾರ್ಯಕರ್ತೆ ಅವಳ ಕಾರ್ಡಿನಲ್ಲಿ ಪ್ರತಿ ತಿಂಗಳೂ ಅಂಕಿ ಬರೆದೇ ಇದ್ದಳು. ಮಧ್ಯಾಹ್ನದ ತಲೆ ತಿರುಗುವಿಕೆಯನ್ನು ಇವಳು ಹೇಳಿರಲಿಲ್ಲ, ಅವಳಿಗೆ ಕೇಳಲು ಹೊಳೆದಿರಲಿಲ್ಲ. ವೈದ್ಯರು ಬೆಳಗಿನ ಮಾತ್ರೆಯನ್ನು ಬದಲಿಸಿಕೊಟ್ಟರು.

ಆಪು ನನ್ನ ಫೋನಿನಲ್ಲಿ ಈಗಲೂ ಇದೆ. 'ವೇಗದ ಇಳಿಕೆ'ಯನ್ನು ತೆಗೆದುಹಾಕಿದ್ದೇನೆ. ಊಟವನ್ನು ಬಟ್ಟಲಿನ ಲೆಕ್ಕದಲ್ಲಿ ಬರೆಯುವುದನ್ನು ಬಿಟ್ಟು, ಮಡದಿ ಒಲೆಗೆ ಹಾಕುವ ಅಕ್ಕಿಯನ್ನೇ ಪಾವಿನಲ್ಲಿ ಅಳೆದು ಇಬ್ಬರಿಗೆ ಪಾಲು ಮಾಡುತ್ತೇವೆ. ಗಂಜಿಯಿದೆ, ಮೊದಲಿನ ಅರ್ಧದಷ್ಟು. ಜೊತೆಗೆ ಬಂಗುಡೆಯೋ ಹೆಸರುಕಾಳೋ ಹೆಚ್ಚಿದೆ. ಮೂರು ತಿಂಗಳಿಗೊಮ್ಮೆ ಆಪಿನ ಅಂಕಿಗಳನ್ನು ಒಂದು ಹಾಳೆಗೆ ಇಳಿಸಿ ವೈದ್ಯರ ಮೇಜಿನ ಮೇಲಿಡುತ್ತೇನೆ, ಹಾಲುಬಾಯಿಯ ಸಮೇತ. ಕಳೆದ ಬಾರಿ ಎಚ್‌ಬಿಎ1ಸಿ 7.1, ತೂಕ 72.

ಶಾಲೆ ಬಿಡುವಾಗ ತಂದಿದ್ದ, ಬಳಸದೆ ಉಳಿದ ಒಂದು ಹಾಜರಿ ಪುಸ್ತಕ ಕಪಾಟಿನಲ್ಲಿತ್ತು. ಈಗ ಅದು ಜಗಲಿಗೆ ಬಂದಿದೆ. ಸೋಮವಾರ ಬೆಳಿಗ್ಗೆ ಕೇರಿಯವರು ಐದಾರು ಜನ ಬರುತ್ತಾರೆ. ಮಡದಿ ಬೆರಳು ಚುಚ್ಚುತ್ತಾಳೆ, ನಾನು ಬರೆಯುತ್ತೇನೆ. ಅಂಕಿಯ ಪಕ್ಕದಲ್ಲಿ ಇನ್ನೊಂದು ಕಲಂ ಎಳೆದಿದ್ದೇನೆ: 'ನಿನ್ನೆ ಊಟ ಎಷ್ಟು ಹೊತ್ತಿಗೆ?' ಕಳೆದ ಸೋಮವಾರ ಮೀನಿನ ಹೆಂಗಸು ಬರಲಿಲ್ಲ. ಗೈರುಹಾಜರಿ ಹಾಕಲು ಮನಸ್ಸಾಗದೆ ಮನೆಗೇ ಹೋಗಿ ವಿಚಾರಿಸಿದೆ. ಮಗಳ ಬಾಣಂತನಕ್ಕೆ ಬೈಂದೂರಿಗೆ ಹೋಗಿದ್ದಾಳಂತೆ, ಮಾತ್ರೆಯ ಡಬ್ಬಿ ಮಾತ್ರ ಕಿಟಕಿಯ ಮೇಲೆಯೇ ಉಳಿದಿತ್ತು. ಅಂದೇ ಮಧ್ಯಾಹ್ನದ ಬಸ್ಸಿಗೆ ಅವಳ ಮೊಮ್ಮಗನ ಕೈಯಲ್ಲಿ ಅದನ್ನು ಕಳುಹಿಸಿದೆವು.